ಪಂಚಮಿಗೆ ಕೆಡುವ ಗಾಡಿ

ಸುರಪುರ
ಮೇ ೧೮, ೨೦೨೫, ಭಾನುವಾರ

ನಮ್ಮನೆಯ ಕಿರಿಯ ಸುಳ್ಳುಗಾತಿ ಕಸ್ತೂರಿಗೆ ಹಿರಿಯ ಸುಳ್ಳುಗಾತಿಯ ಆಶೀರ್ವಾದಗಳು.

ನಾನು ಕ್ಷೇಮ, ಅವ್ವ ಕ್ಷೇಮ, ಗಾಡಿಯೂ ಕ್ಷೇಮ. ಗಾಡಿ ಕ್ಷೇಮವಾಗಿರುವುದೇ ಈಗಿನ ತೊಂದರೆ.

ಫೋನು ಇರುವಾಗ ಪತ್ರ ಯಾಕೆ ಎಂದು ಹುಬ್ಬೇರಿಸಬೇಡ. ನಿಮ್ಮ ಮನೆಯ ಫೋನು ಓಣಿಯ ನಲ್ಲಿ ಇದ್ದಂತೆ, ತಿರುವಿದವರಿಗೆಲ್ಲ ನೀರು. ನಾನು ಹಲೋ ಎಂದರೆ ಸಾಕು, ನಿನ್ನ ಯಜಮಾನರು ಸ್ಪೀಕರ್ ಹಾಕುತ್ತಾರೆ, ನಿಮ್ಮತ್ತೆ ಟಿವಿಯ ಸದ್ದು ಸಣ್ಣ ಮಾಡುತ್ತಾರೆ. ಅದಕ್ಕೇ ಇದನ್ನು ನಿನ್ನ ಅಂಗನವಾಡಿಯ ವಿಳಾಸಕ್ಕೆ ಹಾಕುತ್ತಿದ್ದೇನೆ. ಮಕ್ಕಳು ಮಲಗಿದ ಮೇಲೆ ಓದು. ನಗು ಬಂದರೆ ಬಾಯಿಗೆ ಸೆರಗು ಹಿಡಿ, ಎದ್ದಾವು.

ಮೊನ್ನೆ ನೀನು, ಏನೂ ಅಲ್ಲವೆಂಬಂತೆ, "ಅಕ್ಕಾ, ಅಲ್ಲಿ ಪಂಚಮಿಗೆ ರಜಾ ಕೊಡ್ತಾರೇನು?" ಎಂದು ಕೇಳಿದೆ. ನಾನು "ನೋಡೋಣು" ಎಂದೆ. ನಮ್ಮ ಮನೆಯಲ್ಲಿ ನೋಡೋಣು ಎಂದರೆ ನೋಡುವುದಿಲ್ಲ ಎಂದು ನಿನಗೂ ಗೊತ್ತು, ನನಗೂ ಗೊತ್ತು. ಆ ಪ್ರಶ್ನೆಗೆ ಸರಿಯಾದ ಉತ್ತರ ಈ ಪತ್ರದಲ್ಲಿದೆ. ಆದರೆ ಅದು ಸುತ್ತುಹಾದಿಯಲ್ಲಿ ಬರುತ್ತದೆ, ನಿನ್ನ ಅಕ್ಕ ಬಂದಂತೆ.

ವರ್ಗದಲ್ಲಿ ನಿಂತು ಪಾಠ ಮಾಡುತ್ತಿದ್ದವಳಿಗೆ ವರ್ಗವಾಗಿದೆ, ಅದೂ ಬಡ್ತಿಯ ಮೇಲೆ, ಶಹಾಪುರದ ಕಾಲೇಜಿನಿಂದ ನೇರ ಬೆಂಗಳೂರಿಗೆ. ಜೂನ್ ಮೊದಲ ವಾರ ಅಲ್ಲಿ ಹಾಜರಾಗಬೇಕು. ಹೋಗುವ ಆಸೆಯೂ ಇದೆ, ಸುಳ್ಳೇಕೆ. ಆದರೆ ಆದೇಶ ಬಂದ ದಿನದಿಂದ ಈ ಊರಿನಲ್ಲಿ ಒಬ್ಬರಾದರೂ "ಯಾವಾಗ ಹೋಗ್ತೀರಿ" ಎಂದು ನನ್ನನ್ನು ಕೇಳಿಲ್ಲ. ಎಲ್ಲರ ಬಾಯಲ್ಲೂ ಒಂದೇ ಮಾತು: "ಗಾಡಿ ಏನ್ ಮಾಡ್ತೀರಿ?" ಕಾರು ಇದ್ದವರದೇ ಕಾರುಬಾರು ಎಂದುಕೊಂಡಿದ್ದೆ. ಈಗ ನೋಡಿದರೆ ಕಾರು ನನ್ನದು, ಕಾರುಬಾರು ಊರಿನದು.

ಅವ್ವ ತನ್ನ ರೊಟ್ಟಿ ವ್ಯಾಪಾರದ ಹೆಂಗಸರನ್ನು ಸುತ್ತ ಕೂಡಿಸಿಕೊಂಡು ತೀರ್ಪು ಕೊಟ್ಟಾಗಿದೆ. ಗಾಡಿ ಒಯ್ಯಬೇಕು. "ಬೆಂಗ್ಳೂರಾಗ ಗಾಡಿ ಇಲ್ದ ಅಡ್ಯಾಡಿದ್ರ ಮಂದಿ ಏನಂದಾರು?" ಎಂದಳು. ಅಲ್ಲಿಯ ಮಂದಿಗೆ ನಾನು ಇದ್ದದ್ದೇ ಗೊತ್ತಾಗುವುದಿಲ್ಲ ಅವ್ವಾ ಎಂದೆ. "ಅದಕ್ಕೇ ಗಾಡಿ ಬೇಕು" ಎಂದಳು. ರೊಟ್ಟಿ ಬಡಿಯುವ ಹೆಂಗಸರೆಲ್ಲ ತಟತಟನೆ ಒಪ್ಪಿದರು. ತಾನು ಮಾತ್ರ ಬರುವುದಿಲ್ಲವಂತೆ. ಅವಳ ರೊಟ್ಟಿಗೆ ಕಲಬುರಗಿಯಿಂದ ಗಿರಾಕಿ ಬಂದಿದ್ದಾರೆ, ನನ್ನ ಅಡುಗೆಮನೆಯಲ್ಲಿ ಕೂತು ಕಾಲ ಕಳೆಯಲು ಪುರಸೊತ್ತಿಲ್ಲ.

ಅಲ್ಲಿ ನೋಡಿರುವ ಬಾಡಿಗೆ ಮನೆಯ ಒಡತಿಗೆ ಫೋನು ಮಾಡಿದೆ. ಆ ತಾಯಿ ಮೊದಲು ಕೇಳಿದ್ದು, "ಕಾರ್ ಇದ್ಯಾ ಮೇಡಂ? ಕಾರ್ ಇದ್ರೆ ಕಷ್ಟ. ಇರೋ ಜಾಗದಲ್ಲಿ ನಮ್ದೇ ನಿಲ್ಸಿದೀವಿ." ರಸ್ತೆಯಲ್ಲಿ ನಿಲ್ಲಿಸಬಹುದೇ ಎಂದರೆ, ಎದುರು ಮನೆಯವರು ರಸ್ತೆಯಲ್ಲಿ ಹೂವಿನ ಕುಂಡ ಇಟ್ಟು ಜಾಗ ಹಿಡಿದಿದ್ದಾರಂತೆ, ನಾಳೆ ಎಂದಾದರೂ ಕಾರು ಕೊಳ್ಳಬಹುದು ಎಂಬ ಮುಂದಾಲೋಚನೆಯಿಂದ. ಕೊನೆಗೆ ನಾನು "ಬಾಡಗಿ ಎಷ್ಟು ಹೇಳ್ರಿ" ಎಂದೆ. "ಯಾಕೆ ಮೇಡಂ ಬೈತೀರಾ?" ಎಂದು ಆಕೆ ದನಿ ತಗ್ಗಿಸಿದರು. ನಾನು ಬಹಳ ಮೆತ್ತಗೆ ಕೇಳಿದ್ದೆ, ದೇವರಾಣೆ.

ಹಾಗಾಗಿ ಒಯ್ಯುವ ಮಾತು ಮುಗಿಯಿತು. ನಿಲ್ಲಿಸಲು ಜಾಗವೇ ಇಲ್ಲದ ಊರಿಗೆ, ನಿಲ್ಲುವುದಕ್ಕೇ ಹೆಸರಾದ ಗಾಡಿಯನ್ನು ಒಯ್ದು ಏನು ಮಾಡಲಿ? ಮಾರುವುದೇ ಸರಿ ಎಂದುಕೊಂಡೆ. ಮಾರಲು ಹೊರಟ ಮೇಲೆ ತಿಳಿಯಿತು, ಅದರ ಹೆಸರನ್ನು ನಾವಿಬ್ಬರೂ ಸೇರಿ ಎಷ್ಟು ಚೆನ್ನಾಗಿ ಕೆಡಿಸಿಟ್ಟಿದ್ದೇವೆ ಎಂದು.

ನಿನಗೆ ಗೊತ್ತಿರುವುದನ್ನೇ ಬರೆಯುತ್ತೇನೆ, ಸಹಿಸಿಕೋ. ಬಿಡಿಬಿಡಿಯಾಗಿ ಹೇಳಿದಾಗ ಚಿಕ್ಕದಾಗಿ ಕಂಡ ಸುಳ್ಳುಗಳನ್ನು ಸಾಲಾಗಿ ನಿಲ್ಲಿಸಿ ನೋಡಿದರೆ ಮೆರವಣಿಗೆಯಂತೆ ಕಾಣುತ್ತವೆ.

ನಿನ್ನ ಮದುವೆಯಾದ ಮೊದಲ ಶ್ರಾವಣದಲ್ಲಿ ನಿಮ್ಮತ್ತೆ ಹಣಮಂತಮ್ಮನವರು ನಡುಮನೆಯಲ್ಲಿ ನಿಂತು ಹೇಳಿದ ಮಾತು ನನಗೆ ಇನ್ನೂ ಬಾಯಿಪಾಠ: "ಪಂಚಮಿಗೆ ತವರುಮನಿಯಿಂದ ಕರಿಯಾಕ ಬರಬೇಕು. ಕರೀದ ಕಳಸೂದು ನಮ್ಮ ಮನಿ ರೀತಿ ಅಲ್ಲ. ಕರಕೊಂಡು ಹೋದವರೇ ತಂದು ಬಿಡಬೇಕು." ಅಪ್ಪ ಆಗಲೇ ಹೋಗಿದ್ದ. ನಮಗೆ ಅಣ್ಣತಮ್ಮಂದಿರಿಲ್ಲ. ಚಿಕ್ಕಪ್ಪನ ಮಕ್ಕಳು ಹಬ್ಬಕ್ಕೆ ತಮ್ಮ ತಮ್ಮ ಹೆಂಡಿರ ತವರಿನಲ್ಲಿ ಜೋಕಾಲಿ ಕಟ್ಟುವುದರಲ್ಲಿ ಮಗ್ನರು. ಆ ವರ್ಷ ನೀನು ಬರಲಿಲ್ಲ. ಅವ್ವ ಹುತ್ತಕ್ಕೆ ಹಾಲೆರೆಯುವಾಗ ನಿನ್ನ ಪಾಲಿನದನ್ನು ಎರೆದು, ಮನೆಗೆ ಬಂದು ನಿನ್ನ ಪಾಲಿನ ಉಂಡಿಯನ್ನು ಡಬ್ಬಿಯಲ್ಲೇ ಇಟ್ಟಳು. ಇರುವೆ ತಿಂದವು.

ಮರುವರ್ಷದೊಳಗೆ ನಾನು ಈ ಸೆಕೆಂಡ್ ಹ್ಯಾಂಡ್ ಬೂದಿ ಬಣ್ಣದ ಗಾಡಿ ಕೊಂಡೆ, ಓಡಿಸುವುದನ್ನೂ ಕಲಿತೆ. ಕಾಲೇಜಿಗೆ ಹೋಗಿಬರಲು ಎಂದು ಎಲ್ಲರಿಗೂ ಹೇಳಿದೆ. ಅವ್ವ ಮಾತ್ರ ಅದರ ಹಣೆಗೆ ಕುಂಕುಮ ಹಚ್ಚಿ, "ಕಾರಣ್ಣ" ಎಂದು ಹೆಸರಿಟ್ಟಳು. ಪಂಚಮಿಯ ಮುನ್ನಾ ದಿನ ಉಂಡಿಯ ಡಬ್ಬಿ ಹಿಡಿದು ನಿಮ್ಮ ಬಾಗಿಲಲ್ಲಿ ನಿಂತು, "ಅಣ್ಣ ಬಂದಾನ್ರಿ, ಹೊರಗ ನಿಂತಾನ" ಎಂದೆ. ನಿಮ್ಮತ್ತೆ ಹೊರಗೆ ಬಂದು ಗಾಡಿಯನ್ನು ಮೂತಿಯಿಂದ ಬಾಲದವರೆಗೆ ನೋಡಿದರು. ಒಳಗೆ ಹೋಗಿ ನಿನ್ನ ಕೈಚೀಲ ತಂದು ಅವರೇ ಹಿಂದಿನ ಸೀಟಿನ ಮೇಲೆ ಇಟ್ಟರು.

ಕಳಿಸುವ ದಿನ ಬಂದಾಗ ನೀನು ಜೋಕಾಲಿಯ ಹಗ್ಗ ಹಿಡಿದು ಕೂತೇ ಇದ್ದೆ. ಅಳಲಿಲ್ಲ, ಕರೆಯಲಿಲ್ಲ, ಸುಮ್ಮನೆ ಒಂದು ಕಾಲಿಂದ ನೆಲ ಕೆರೆಯುತ್ತಿದ್ದೆ. ನಾನು ಬ್ಯಾಟರಿಯ ಕರಿ ವೈರು ಸಡಿಲಿಸಿ ಬಂದು ಹತ್ತಿಕುಣಿಯ ನಿಮ್ಮ ಮನೆಗೆ ಫೋನು ಮಾಡಿದೆ: ಗಾಡಿ ಕೆಟ್ಟಾದ್ರಿ. ಕರಕೊಂಡು ಹೋದವರೇ ತಂದು ಬಿಡಬೇಕಲ್ಲ, ಹಾಗಾಗಿ ಗಾಡಿ ರಿಪೇರಿಯಾಗುವ ತನಕ ನೀನು ಇಲ್ಲಿ. ಗ್ಯಾರೇಜಿನ ಮಸ್ತಾನಸಾಬ ಸಾಕ್ಷಿ ಹೇಳಿದ, "ಎರಡು ದಿನ ಬೇಕಾಗ್ತದ್ರಿ."

ಅಲ್ಲಿಗೆ ಬಿಟ್ಟಿದ್ದರೆ ಚೆನ್ನಾಗಿತ್ತು. ಮರುವರ್ಷ ಕ್ಲಚ್ಚು, ಅದರ ಮರುವರ್ಷ ರೇಡಿಯೇಟರು. ನಾನು ಪ್ರತಿ ವರ್ಷ ಹೊಸ ರೋಗವನ್ನು ಮಸ್ತಾನಸಾಬನಿಂದ ಕೇಳಿ ಕಲಿತು ಫೋನು ಮಾಡುತ್ತಿದ್ದರೆ, ಹೋದ ವರ್ಷ ನೀನೇ ಫೋನು ಕಸಿದುಕೊಂಡು, "ಸೈಲೆನ್ಸರ್ ಬಿಸಿ ಆಗ್ಯಾದ್ರಿ" ಎಂದುಬಿಟ್ಟೆ. ತಾಯಿ, ಸೈಲೆನ್ಸರ್ ಬಿಸಿಯಾಗದೆ ಮಜ್ಜಿಗೆಯ ಹಾಗೆ ತಂಪಾಗಿರುತ್ತದೆಯೇ? ನಿನ್ನ ಯಜಮಾನರು ಅದನ್ನೂ ನಂಬಿದರು. ದೇವರು ದೊಡ್ಡವನು.

ಇನ್ನು ಆ ಎರಡೆರಡು ದಿನಗಳಲ್ಲಿ, ಲೋಕದ ಕಣ್ಣಿಗೆ ಗಾಡಿ ಗ್ಯಾರೇಜಿನ ಬೇವಿನ ಗಿಡದ ಕೆಳಗೆ ನಿಂತಿತ್ತು. ನಸುಕಿನಲ್ಲಿ ಮಾತ್ರ ತಿಂಥಣಿ ರಸ್ತೆಯಲ್ಲಿ ಓಡುತ್ತಿತ್ತು, ನೀನು ಸ್ಟೇರಿಂಗ್ ಹಿಡಿದು, ನಾನು ಪಕ್ಕದಲ್ಲಿ ಜೀವ ಹಿಡಿದು.

ಈಗ ಮಾರಾಟದ ಕಥೆ ಕೇಳು. ಶಹಾಪುರದಲ್ಲಿ ಬೀಜ ಗೊಬ್ಬರದ ಅಂಗಡಿ ಇಟ್ಟಿರುವ ಅಮಾತೆಪ್ಪ ಕಾಲೇಜಿಗೇ ಬಂದ. ಗಾಡಿಯ ಸುತ್ತ ತಿರುಗಿದ, ಟೈರು ಒದ್ದು ನೋಡಿದ, ಇಂಜಿನ್ ಶುರು ಮಾಡಿಸಿ ಕಿವಿಯಿಟ್ಟು ಕೇಳಿದ. ಮುಖ ಅರಳಿತ್ತು. ಚಹಾ ಕುಡಿಯುತ್ತ ಇದ್ದಕ್ಕಿದ್ದಂತೆ ಬಸಿ ಕೆಳಗಿಟ್ಟ.

"ಮೇಡಮ್ಮಾರ, ಇದು ಬಸವಂತ್ರಾಯ ಹೇಳೂ ಪಂಚಮಿ ಗಾಡಿ ಅಲ್ಲೇನ್ರಿ?"

ಯಾವ ಬಸವಂತ್ರಾಯ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಯಾದಗಿರಿಯ ಗಂಜ್ ಮಾರುಕಟ್ಟೆಯಲ್ಲಿ ತೂಕ ಮಾಡುವ ನಿನ್ನ ಯಜಮಾನರು, ಹತ್ತಿ ತರುವವರಿಗೆ, ತೊಗರಿ ತರುವವರಿಗೆ, ಲಾರಿಯವರಿಗೆ, ಹಮಾಲರಿಗೆ, ಎಲ್ಲರಿಗೂ ನನ್ನ ಗಾಡಿಯನ್ನು ತೂಗಿ ತೋರಿಸಿದ್ದಾರಂತೆ. ಸುರಪುರದ ಅಕ್ಕಾರ ಗಾಡಿ, ಪಂಚಮಿ ಬಂತಂದ್ರ ಕೆಟ್ಟೇ ಕೆಡ್ತದ, ಗಡಿಯಾರ ತಪ್ಪೀತು ಅದು ತಪ್ಪೂದಿಲ್ಲ ಎಂದು.

"ವರ್ಷಪೂರ್ತಿ ಸುರಪುರದಿಂದ ಇಲ್ಲಿಗೆ ಓಡ್ಯದ್ರಿ. ಒಂದು ದಿನಾನೂ ನಿಂತಿಲ್ಲ" ಎಂದೆ.

"ಮತ್ತ ಪಂಚಮಿಗಷ್ಟೇ ಯಾಕ ನಿಂತದ್ರಿ?"

ಗಾಡಿ ಒಳ್ಳೆಯದು ಎಂದರೆ ನಾವು ಕೆಟ್ಟವರು. ನಾವು ಒಳ್ಳೆಯವರು ಎಂದರೆ ಗಾಡಿ ಕೆಟ್ಟದ್ದು. ಅಮಾತೆಪ್ಪ ಚಹಾ ಮುಗಿಸಿ ಎದ್ದ. "ನಂದು ಶ್ರಾವಣದಾಗೇ ಸೀಜನ್ರಿ. ಆಗೇ ಕೆಡೂ ಗಾಡಿ ತಗೊಂಡು ನಾ ಏನ್ ಮಾಡ್ಲಿ? ಬ್ಯಾರೆ ತಿಂಗಳದಾಗ ಕೆಡ್ತಿದ್ರ ಬ್ಯಾರೆ ಮಾತಾಗ್ತಿತ್ತು."

ಸಿಟ್ಟಿನಿಂದ ಮಸ್ತಾನಸಾಬನ ಹತ್ತಿರ ಹೋದೆ. ಅಮಾತೆಪ್ಪನಿಗೆ ಗಾಡಿ ಚಲೋ ಇದೆ ಎಂದು ಒಂದು ಮಾತು ಹೇಳು ಮಾರಾಯ ಎಂದು ಕೇಳಿಕೊಂಡೆ. ಆತ ಗ್ರೀಸಿನ ಕೈ ಒರೆಸುತ್ತ ನಿಂತ. "ಅಕ್ಕಾರ, ವರ್ಷಾ ವರ್ಷಾ ನನ್ನ ಬಾಯಿಲೆ ಸುಳ್ಳು ಹೇಳಿಸೀರಿ. ಈಗ ಖರೇ ಹೇಳಂದ್ರ ಯಾರ್ ನಂಬ್ತಾರ್ರಿ? ಹೋದ ಸಾರಿ ಬಸವಂತ್ರಾಯ ನನಗೇ ಫೋನ್ ಹಚ್ಚಿ ಸೈಲೆನ್ಸರ್ ಹ್ಯಾಂಗದ ಅಂತ ಕೇಳ್ಯಾನ. ನಾ ಏನನ್ಬೇಕ್ರಿ? ಜ್ವರ ಇಳದಾದ ಅಂದೀನಿ."

ಅದರ ಮೇಲೆ ನಿನ್ನ ಯಜಮಾನರ ಸಹಾಯ ಬೇರೆ. ಪಾಪ, ಅವರದು ಕೆಟ್ಟ ಮನಸ್ಸಲ್ಲ, ಅದೇ ಕಷ್ಟ. ಐದು ದಿನದ ಹಿಂದೆ ಫೋನು ಮಾಡಿ, "ಅಕ್ಕಾರ, ಅದನ್ನ ಗುಜರಿಗೆ ಹಾಕ್ರಿ. ನಾ ಒಬ್ಬಾತನ್ನ ನೋಡಿಟ್ಟೀನಿ, ಕಬ್ಬಿಣದ ತೂಕದಾಗ ತಗೋತಾನ. ತೂಕದಾಗ ಮೋಸ ಆಗದಂಗ ನಾ ನಿಂತು ನೋಡ್ಕೋತೀನಿ" ಎಂದರು. ನಮ್ಮ ಅಣ್ಣನನ್ನು ತಕ್ಕಡಿಗೆ ಹಾಕುವ ಮಾತನ್ನು ಇಷ್ಟು ಪ್ರೀತಿಯಿಂದ ಆಡಿದರೆ ಬೈಯುವುದಾದರೂ ಹೇಗೆ?

ಆ ದಿನ ಕಾಲೇಜಿನಲ್ಲಿ ಉತ್ತರಪತ್ರಿಕೆಗಳ ಮುಂದೆ ಕೂತವಳು ಒಂದಕ್ಕೂ ಅಂಕ ಹಾಕಲಿಲ್ಲ. ಗಾಡಿ ಮಾರಿದರೆ ನಷ್ಟ, ಗುಜರಿಗೆ ಹಾಕಿದರೆ ಇನ್ನೂ ನಷ್ಟ ಎಂದೆಲ್ಲ ನನಗೆ ನಾನೇ ಹೇಳಿಕೊಂಡೆ. ನಿಜವಾದ ಮಾತು ಅದಲ್ಲ. ನಾನು ಬೆಂಗಳೂರಿನಲ್ಲಿ, ಗಾಡಿ ಇನ್ನಾರದೋ ಅಂಗಳದಲ್ಲಿ, ಪಂಚಮಿಯ ಮುನ್ನಾ ದಿನ ನೀನು ಕೈಚೀಲ ತುಂಬಿಟ್ಟು ಬಾಗಿಲು ನೋಡುತ್ತಿರುತ್ತೀ. ಬರುವವರಾರು? ಇದೊಂದೇ ಮಾತು. ಉಳಿದದ್ದೆಲ್ಲ ಪಾರ್ಕಿಂಗು.

ಅದೇ ಹೊತ್ತಿಗೆ ಜವಾನ ಬಂದು ಯಾರೋ ಹಿರಿಯರು ಕರೀತಾರೆ ಎಂದ. ಹೊರಗೆ ಬಂದರೆ ನಿಮ್ಮತ್ತೆ, ಹಸಿರು ಇಳಕಲ್ ಸೀರೆ ಉಟ್ಟು ಕಟ್ಟೆಯ ಮೇಲೆ ಕೂತಿದ್ದರು. ಕಳೆದ ಮಂಗಳವಾರ ಕನ್ನಡಕ ಮಾಡಿಸಲು ಶಹಾಪುರಕ್ಕೆ ಹೋಗಿದ್ದರಲ್ಲ? ಕನ್ನಡಕ ತಂದರೇನು? ತಂದಿರಲಿಕ್ಕಿಲ್ಲ. ಅವರು ಬಂದದ್ದು ನನ್ನ ಹತ್ತಿರ.

ಸೈಲೆನ್ಸರ್ ವಿಷಯವೇ ಇರಬೇಕು ಎಂದುಕೊಂಡೆ. ಅವರು ಎದ್ದು, "ಗಾಡಿ ಎಲ್ಲದ? ನನ್ನ ಸ್ವಲ್ಪ ಅಡ್ಯಾಡಿಸು" ಎಂದರು. ಮುಂದಿನ ಸೀಟಿನಲ್ಲಿ ಕೂತರು. ಭೀಮರಾಯನಗುಡಿಯ ಕಡೆಗೆ ಹೊರಟೆ. ಕಾಲುವೆಯ ದಂಡೆಯ ರಸ್ತೆ ಹಿಡಿದೆ. ಅವರು ಮುಂದಿನ ಗಾಜನ್ನೇ ನೋಡುತ್ತ ಕೂತಿದ್ದರು.

"ಗಾಡಿ ಚಲೋ ಅದ" ಎಂದರು.

"ಹೌದ್ರಿ ಅತ್ತಿ. ಈಗ ರಿಪೇರಿ..."

"ಮೊದಲಿಂದೂ ಚಲೋನೇ ಅದ." ಅವರು ಬೆರಳು ಮಡಿಸತೊಡಗಿದರು. "ದೀಪಾವಳಿಗೆ ಬಂದಿ, ಕೆಡಲಿಲ್ಲ. ಜಾತ್ರಿಗೆ ಬುತ್ತಿ ತಂದಿ, ಕೆಡಲಿಲ್ಲ. ಸುಡೂ ಬ್ಯಾಸಗ್ಯಾಗ ಬಂದಿ, ಆಗೂ ಕೆಡಲಿಲ್ಲ. ಪಂಚಮಿಗೇ ಕೆಡ್ತದಂದ್ರ, ಗಾಡಿಗೆ ಪಂಚಾಂಗ ನೋಡಾಕ ಬರ್ತದೇನು?"

ಗೊತ್ತಿದ್ದರೆ ಯಾಕೆ ಸುಮ್ಮನಿದ್ದಿರಿ ಎಂದು ಕೇಳಿದೆ. ಅವರು ಕಾಲುವೆಯ ನೀರು ನೋಡುತ್ತ ಹೇಳಿದ್ದನ್ನು ಹಾಗೇ ಬರೆಯುತ್ತೇನೆ.

"ನಮ್ಮಣ್ಣ ಶಿರವಾಳದಿಂದ ಬಂಡಿ ಕಟ್ಕೊಂಡು ನನ್ನ ಕರಿಯಾಕ ಬರ್ತಿದ್ದ. ತಿರುಗಿ ಕಳಸೂ ದಿನ ಬಂತಂದ್ರ ಎತ್ತಿಗೆ ಕುಂಟು ಹತ್ತತಿತ್ತು. ಕಾಲಾಗ ಮುಳ್ಳು ನೆಟ್ಟಾದ, ಎರಡು ದಿನ ತಡೀರಿ ಅಂತ ನಮ್ಮತ್ತಿಗೆ ಹೇಳಿ ಕಳಸ್ತಿದ್ದ. ಮುಳ್ಳೂ ಇಲ್ಲ, ಏನೂ ಇಲ್ಲ. ಎತ್ತು ಹಿತ್ತಲದಾಗ ಮೇಯ್ಕೋತ ನಿಂತಿರ್ತಿತ್ತು."

ಆಮೇಲೇನಾಯಿತು ಎಂದೆ.

"ಅಣ್ಣ ಹೋದ. ಅವನ ಮಕ್ಕಳಿಗೆ ಮೋಟರ್ ಸೈಕಲ್ ಅದಾವ. ಮೋಟರ್ ಸೈಕಲ್ಲಿಗೆ ಮುಳ್ಳೂ ನೆಡೂದಿಲ್ಲ, ಅವು ನಮ್ಮ ಊರಿಗೆ ಬರೂದೂ ಇಲ್ಲ."

ಗಾಡಿ ತಿರುಗಿಸುವಾಗ ಅವರು ಕೈ ಚಾಚಿದರು. ಕೀಲಿ ಕೇಳಿದರು. ಓಡುವ ಗಾಡಿಯದು ಹೇಗೆ ಕೊಡಲಿ ಎಂದೆ. "ಇನ್ನೊಂದು ಇರ್ತದಲ್ಲ, ಅದನ್ನ ಕೊಡು. ಗಾಡಿ ಮಾರಬ್ಯಾಡ, ಹತ್ತಿಕುಣಿಗೆ ತಂದು ನಮ್ಮ ಅಂಗಳದಾಗ ಬಿಡು. ಕಸ್ತೂರಿ ನಡಸ್ತಾಳ." ಕಸ್ತೂರಿಗೆ ಎಲ್ಲಿ ಬರುತ್ತದೆ ಅತ್ತಿ ಎಂದು, ಕೊನೆಯದಾಗಿ ಒಂದು ಸುಳ್ಳು ಪ್ರಯತ್ನಿಸಿದೆ. "ಊಟಕ್ಕ ಕುಂತಾಗ ಅಕಿ ಎಡಗಾಲಿಲೆ ನೆಲ ತುಳೀತಾಳ, ಬಲಗೈಲೆ ತಾಟು ತಿರುವ್ತಾಳ. ನನಗ ಕಣ್ಣು ಮಂಜಾಗ್ಯಾವ, ಕುರುಡಾಗಿಲ್ಲ" ಎಂದರು.

ಇನ್ನೊಂದು ಕೀಲಿ ನನ್ನ ಚೀಲದಲ್ಲೇ ಇತ್ತು. ಕೊಟ್ಟೆ. ಸೆರಗಿನ ಗಂಟಿಗೆ ಕಟ್ಟಿಕೊಂಡರು. ನೀನು ಇದನ್ನು ಓದುವಾಗ ಅದು ನಿಮ್ಮ ನಡುಮನೆಯಲ್ಲೇ ಓಡಾಡುತ್ತಿರುತ್ತದೆ. ಬಸವಂತ್ರಾಯರು ಸ್ಟೇರಿಂಗ್ ಹಿಡಿದು ನಿನ್ನನ್ನು ಹಿಂದೆ ಕೂಡಿಸಿಯಾರು ಎಂಬ ನನ್ನ ಭಯಕ್ಕೂ ಅದೇ ಗಂಟು ಉತ್ತರ. ಮಗನಿಗೆ ಈಗಲೇ ಹೇಳಬೇಡ ಎಂದಿದ್ದಾರೆ. ತಕ್ಕಡಿ ಹಿಡಿಯುವವರಿಗೆ ಕಂಡದ್ದೆಲ್ಲ ತೂಗುವ ಚಟ ಎಂಬುದು ಅವರದೇ ಮಾತು.

ಹೀಗಾಗಿ ಮುಂದಿನ ವಾರ ನಿನ್ನ ಯಜಮಾನರಿಗೆ ಫೋನು ಮಾಡಿ, ಆಯಿತು, ಗುಜರಿಯವನು ಬರುವ ತನಕ ಗಾಡಿ ನಿಮ್ಮ ಅಂಗಳದಲ್ಲೇ ನಿಂತಿರಲಿ ಎನ್ನುತ್ತೇನೆ. ಒಂದು ಗಾಡಿ ನಿಲ್ಲಲು ಇಷ್ಟು ವಿಶಾಲ ಜಾಗ ಬೆಂಗಳೂರಿನಲ್ಲಿ ಮಂತ್ರಿಗಳಿಗೂ ಇರಲಿಕ್ಕಿಲ್ಲ. ಗುಜರಿಯವನು ಬಂದರೆ ಅವನನ್ನು ಬಾಗಿಲಲ್ಲೇ ನೋಡಿಕೊಳ್ಳುವುದು ನಿಮ್ಮತ್ತೆಯ ಜವಾಬ್ದಾರಿ. ಅವನ ಬಗ್ಗೆ ನನಗೆ ಈಗಲೇ ಕನಿಕರವಿದೆ. ಕಾಗದಪತ್ರ ನಿನ್ನ ಹೆಸರಿಗೆ ಮಾಡಿಸುತ್ತೇನೆ. ನೀನು ಯಾದಗಿರಿಗೆ ಹೋಗಿ ಲೈಸೆನ್ಸಿಗೆ ಅರ್ಜಿ ಹಾಕು. ಪರೀಕ್ಷೆಯಲ್ಲಿ ಸೈಲೆನ್ಸರಿನ ಬಗ್ಗೆ ಕೇಳಿದರೆ ಬಾಯಿ ಬಿಡಬೇಡ.

ಇನ್ನು ನೀನು ಕೇಳಿದ ಪ್ರಶ್ನೆಗೆ ಉತ್ತರ. ರಜಾ ಕೊಡುತ್ತಾರೋ ಬಿಡುತ್ತಾರೋ, ಪಂಚಮಿಯ ಮುನ್ನಾ ದಿನ ಬೆಳಿಗ್ಗೆ ನಾನು ಯಾದಗಿರಿ ಸ್ಟೇಷನ್ನಿನಲ್ಲಿ ಇಳಿಯುತ್ತೇನೆ. ಇಳಿದು ಪ್ಲಾಟ್‌ಫಾರ್ಮಿನ ಮೇಲೇ ನಿಂತಿರುತ್ತೇನೆ, ಬಸ್ಸು ಹತ್ತುವುದಿಲ್ಲ, ಆಟೋ ಕರೆಯುವುದಿಲ್ಲ. ನೀನು ಗಾಡಿ ತಂದು ನನ್ನನ್ನು ಅವ್ವನ ಮನೆಗೆ ಕರೆದುಕೊಂಡು ಹೋಗಬೇಕು. ಆಗ ಯಾರು ಯಾರನ್ನು ಕರೆದಂತಾಯಿತು ಎಂದು ನಿಮ್ಮತ್ತೆಯನ್ನು ಕೇಳಿದೆ. "ರಸ್ತಿ ಅದನ್ನ ಕೇಳ್ತದೇನು?" ಎಂದರು. ಆದರೂ ಬರುವಾಗ ಉಂಡಿಯ ಡಬ್ಬಿ ತಾ. ಕರೆಯದೆ ಹೋಗುವುದು ಇನ್ನು ಮೇಲೆ ನನ್ನ ರೀತಿಯೂ ಅಲ್ಲ.

ನಿನ್ನ ಅಕ್ಕ, ಹಬ್ಬಕ್ಕಷ್ಟೇ ಅಣ್ಣ,
ಅಂಜನಾ

ತಾ.ಕ.: ಶಹಾಪುರ ಬಸ್‌ಸ್ಟ್ಯಾಂಡಿನಲ್ಲಿ ಇಳಿಯುವಾಗ ನಿಮ್ಮತ್ತೆ ಇನ್ನೊಂದು ಮಾತು ಹೇಳಿದರು, ಬರೆಯಲೋ ಬೇಡವೋ ಎಂದು ಇಷ್ಟು ಹೊತ್ತು ತಡೆದೆ. ಪಂಚಮಿಗೆ ನಾವು ಹೋಗುವಾಗ ಅವರೂ ಬರುತ್ತಾರಂತೆ, ದಾರಿಯಲ್ಲಿ ಶಿರವಾಳದಲ್ಲಿ ಇಳಿಸಬೇಕಂತೆ. "ಯಾರೂ ಕರದಿಲ್ಲ. 'ಗಾಡಿ ಬಂದಿತ್ತು, ಕುಂತೆ' ಅಂತೀನಿ" ಎಂದರು. ಬಾಗಿಲು ತೆರೆದು ಒಂದು ಕಾಲು ಹೊರಗಿಟ್ಟು, ನನ್ನ ಮುಖ ನೋಡದೆ, "ತಿರುಗಿ ಬರೂವಾಗ ನನ್ನ ಕರಕೊಳ್ಳಾಕ ನಿಂತಾಗ, ಅದು ಅಲ್ಲೇ ಎರಡು ದಿನ ಕೆಟ್ಟರ ನಾ ಏನೂ ಅನ್ನೂದಿಲ್ಲ" ಎಂದರು. ಮಸ್ತಾನಸಾಬನಿಗೆ ಹೇಳಿಟ್ಟಿದ್ದೇನೆ. ಕರಿ ವೈರು, ಕೆಂಪಲ್ಲ. ನೆನಪಿರಲಿ.